ಹದಿನೈದು ನಿಮಿಷವೂ ಮೂರು ವರ್ಷವೂ: ಫಸ್ಟ್ ಮಿನ್ನೆಸೋಟ ರೆಜಿಮೆಂಟಿನ ಜಾಡಿನಲ್ಲಿ

ಶನಿವಾರ: ಫೋರ್ಟ್ ಸ್ನೆಲ್ಲಿಂಗ್, ಸೇಂಟ್ ಪಾಲ್

ಮಿಸಿಸಿಪ್ಪಿಗೆ ಮಿನ್ನೆಸೋಟ ನದಿ ಬಂದು ಸೇರುವ ಕಡೆ, ಕಡಿದಾದ ದಂಡೆಯ ಮೇಲೆ ಸುಣ್ಣಕಲ್ಲಿನ ಕೋಟೆ ಇದೆ. ಅದೇ ಫೋರ್ಟ್ ಸ್ನೆಲ್ಲಿಂಗ್. ವಿಮಾನ ನಿಲ್ದಾಣ ಪಕ್ಕದಲ್ಲೇ, ಹಾಗಾಗಿ ತಲೆ ಮೇಲೆ ಸದಾ ಸದ್ದು. ಭಾವ ಈ ಊರಿಗೆ ಬಂದು ಎಷ್ಟೋ ವರ್ಷ ಆಯಿತು, ಆದರೆ ಕೋಟೆಯೊಳಗೆ ಕಾಲಿಟ್ಟಿದ್ದು ಇವತ್ತೇ. "ನೆಂಟರು ಬಂದಾಗ್ಲೇ ನಮ್ಮೂರು ನಾವು ನೋಡೋದು ಕಣಯ್ಯ" ಅಂದರು. ಅಕ್ಕ ಬರಲಿಲ್ಲ. ಅವಳ ಮಗ ಬಂದ, ಕಾರು ಓಡಿಸೋಕೆ ಸಿಗುತ್ತೆ ಅನ್ನೋ ಆಸೆಗೆ.

ಅಮೆರಿಕದ ಅಂತರ್ಯುದ್ಧ ಅಂದರೆ ನಮಗೆ ಲಿಂಕನ್, ಗುಲಾಮಗಿರಿ, ಗೆಟ್ಟಿಸ್‌ಬರ್ಗ್ ಭಾಷಣ ಇಷ್ಟೇ ನೆನಪಾಗೋದು. ನನಗೆ ಇಡೀ ಯುದ್ಧ ಬೇಕಿರಲಿಲ್ಲ. ಒಂದೇ ಒಂದು ದಂಡನ್ನು ಹಿಡಿದು, ಅದು ಹೊರಟ ಜಾಗದಿಂದ ನೆಲ ಕಚ್ಚಿದ ಜಾಗದವರೆಗೆ ಹೋಗಬೇಕು ಅನ್ನಿಸಿತ್ತು. ಆ ದಂಡು ಫಸ್ಟ್ ಮಿನ್ನೆಸೋಟ, ಸ್ವಯಂಸೇವಕರ ಪದಾತಿ ರೆಜಿಮೆಂಟ್.

1861ರ ಏಪ್ರಿಲ್ 14. ಒಕ್ಕೂಟದಿಂದ ಬೇರೆಯಾಗಿದ್ದ ದಕ್ಷಿಣದ ರಾಜ್ಯಗಳವರು ಫೋರ್ಟ್ ಸಮ್ಟರ್ ಕೋಟೆ ಹಿಡಿದ ಮರುದಿನ. ಮಿನ್ನೆಸೋಟದ ಗವರ್ನರ್ ಅಲೆಕ್ಸಾಂಡರ್ ರಾಮ್ಸೆ ಏನೋ ಕೆಲಸಕ್ಕೆ ವಾಷಿಂಗ್ಟನ್‌ಗೆ ಹೋಗಿದ್ದ. ಸುದ್ದಿ ಕೇಳಿ ಯುದ್ಧಮಂತ್ರಿ ಸೈಮನ್ ಕ್ಯಾಮೆರಾನ್ ಹತ್ತಿರ ಹೋಗಿ, ನಮ್ಮ ರಾಜ್ಯದಿಂದ ಸಾವಿರ ಜನ ಕೊಡುತ್ತೇವೆ ಅಂತ ಬರೆದುಕೊಟ್ಟ. ಲಿಂಕನ್ 75,000 ಜನ ಬೇಕು ಅಂತ ಕರೆ ಕೊಟ್ಟಿದ್ದು ಅದರ ಮಾರನೇ ದಿನ. ಒಕ್ಕೂಟಕ್ಕೆ ಮೊದಲು ಸೈನಿಕರನ್ನು ಕೊಡುತ್ತೇನೆಂದ ರಾಜ್ಯ ಅನ್ನೋ ಹೆಸರು ಹೀಗೆ ಮಿನ್ನೆಸೋಟಕ್ಕೆ ಬಂತು. ಆಗ ಅದು ರಾಜ್ಯವಾಗಿ ಬರೀ ಮೂರು ವರ್ಷ. ಜನಸಂಖ್ಯೆ ಎರಡು ಲಕ್ಷವೂ ಇರಲಿಲ್ಲ.

ಏಪ್ರಿಲ್ 29ಕ್ಕೆ ಇದೇ ಕೋಟೆಯಲ್ಲಿ ರೆಜಿಮೆಂಟ್ ಪಟ್ಟಿಗೆ ಸೇರಿತು. ಹತ್ತು ಕಂಪನಿ, ಸುಮಾರು ಸಾವಿರ ಜನ. ಒಂದೊಂದು ಕಂಪನಿಯೂ ಒಂದೊಂದು ಊರಿನದು: ಬಿ ಕಂಪನಿ ಸ್ಟಿಲ್‌ವಾಟರ್, ಎಫ್ ರೆಡ್ ವಿಂಗ್, ಜಿ ಫಾರಿಬೋ, ಕೆ ವಿನೋನಾ. ಮರ ಕಡಿಯೋರು, ಬಡಗಿಗಳು, ರೈತರು, ಮೇಷ್ಟ್ರುಗಳು, ವಕೀಲರು. ಪಕ್ಕದ ಮನೆಯವನ ಪಕ್ಕದಲ್ಲೇ ನಿಂತು ಗುಂಡು ಹಾರಿಸೋದು ಧೈರ್ಯದ ಮಾತೇ. ಆದರೆ ಒಂದು ಕಂಪನಿ ಕೆಟ್ಟ ಜಾಗದಲ್ಲಿ ಸಿಕ್ಕಿಬಿದ್ದರೆ ಒಂದು ಊರಿನ ಗಂಡುಮಕ್ಕಳೇ ಹೋದ ಹಾಗೆ.

ಕೋಟೆ ಈ ಒಂದು ಕಥೆಯನ್ನಷ್ಟೇ ಹೇಳಲ್ಲ. ನದಿ ಕೂಡುವ ಈ ಜಾಗ ಇಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನಕ್ಕೆ ಬ್ಡೋಟೆ, ಪವಿತ್ರ ನೆಲ. 1830ರ ದಶಕದಲ್ಲಿ ಡ್ರೆಡ್ ಸ್ಕಾಟ್ ಇಲ್ಲಿ ಗುಲಾಮನಾಗಿದ್ದ. ಗುಲಾಮಗಿರಿ ಇಲ್ಲದ ನೆಲದಲ್ಲಿ ಬದುಕಿದ್ದೇನೆ, ಹಾಗಾಗಿ ನಾನು ಸ್ವತಂತ್ರ ಅಂತ ಅವನು ಹೂಡಿದ ದಾವೆ ಸುಪ್ರೀಂ ಕೋರ್ಟಿಗೆ ಹೋಯಿತು. 1857ರಲ್ಲಿ ತೀರ್ಪು ಅವನ ವಿರುದ್ಧ ಬಂತು. ಯುದ್ಧದ ಕಡೆಗೆ ದೇಶವನ್ನು ತಳ್ಳಿದ ತೀರ್ಪುಗಳಲ್ಲಿ ಅದೂ ಒಂದು.

ಇನ್ನೊಂದು ಕಥೆ ಇದಕ್ಕಿಂತ ಕಷ್ಟದ್ದು. ರೆಜಿಮೆಂಟಿನ ಕೆಲವು ಕಂಪನಿಗಳನ್ನು ಮೊದಲು ಫೋರ್ಟ್ ರಿಜ್ಲಿಯಂಥ ಗಡಿ ಕೋಟೆಗಳಿಗೆ ಕಳಿಸಿ, ಆಮೇಲೆ ವಾಷಿಂಗ್ಟನ್ ಕಡೆಗೆ ಕರೆಸಿಕೊಂಡರು. ಮರುವರ್ಷ ಆಗಸ್ಟಿನಲ್ಲಿ ಅದೇ ರಿಜ್ಲಿ ಕೋಟೆಯ ಮೇಲೆ ಡಕೋಟಾ ಯೋಧರು ಬಿದ್ದರು. ಒಪ್ಪಂದದ ದುಡ್ಡು ಬಂದಿರಲಿಲ್ಲ, ಜನ ಹಸಿದಿದ್ದರು. ಆ ಡಕೋಟಾ ಯುದ್ಧ ಮುಗಿದ ಮೇಲೆ, 1862ರ ಡಿಸೆಂಬರ್ 26ರಂದು, ಮ್ಯಾಂಕೇಟೊದಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಸುಮಾರು 1,600 ಜನರನ್ನು, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು, ಈ ಕೋಟೆಯ ಕೆಳಗಿನ ತಗ್ಗಿನಲ್ಲಿ ಇಡೀ ಚಳಿಗಾಲ ಕೂಡಿಹಾಕಿದರು. ನೂರಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ಆ ಹೊತ್ತಿಗೆ ನಮ್ಮ ರೆಜಿಮೆಂಟು ವರ್ಜೀನಿಯಾದಲ್ಲಿ, ದೇಶ ಉಳಿಸುವ ಯುದ್ಧದಲ್ಲಿತ್ತು. ಎರಡೂ ಒಂದೇ ಸರ್ಕಾರದ, ಒಂದೇ ವರ್ಷದ ಕೆಲಸ. ಒಂದಕ್ಕೆ ಕಂಚಿನ ಪ್ರತಿಮೆ ಇದೆ ಅಂತ ಇನ್ನೊಂದನ್ನು ಬಿಟ್ಟು ಹೊರಡೋಕೆ ಆಗಲಿಲ್ಲ. ಇಳಿದು ಹೋಗಿ ನೋಡಿ ಬಂದೆವು.

ಮಧ್ಯಾಹ್ನ ಸೇಂಟ್ ಪಾಲ್‌ನ ಶಾಸನಸಭೆ ಕಟ್ಟಡ, ಅಂದರೆ ಕ್ಯಾಪಿಟಲ್. ನಡುಗುಮ್ಮಟದ ಕೆಳಗೆ ಗಾಜಿನ ಕಪಾಟುಗಳಲ್ಲಿ ಯುದ್ಧದ ಬಾವುಟಗಳಿವೆ. ಮೇಲಿನ ಅಂತಸ್ತಿನಲ್ಲಿ, ಗೆಟ್ಟಿಸ್‌ಬರ್ಗ್‌ನಲ್ಲಿ ಈ ರೆಜಿಮೆಂಟನ್ನು ಮುನ್ನಡೆಸಿದ ಕರ್ನಲ್ ವಿಲಿಯಂ ಕಾಲ್ವಿಲ್‌ನ ಕಂಚಿನ ಪ್ರತಿಮೆ. ಆರಡಿ ಐದಿಂಚಿನ ಆಳು, ರೆಡ್ ವಿಂಗ್‌ನ ವಕೀಲ, ಪತ್ರಿಕೆಯನ್ನೂ ನಡೆಸುತ್ತಿದ್ದ. 1905ರಲ್ಲಿ ಈ ಬಾವುಟಗಳನ್ನು ಹಳೇ ಕಟ್ಟಡದಿಂದ ಹೊಸದಕ್ಕೆ ಮೆರವಣಿಗೆಯಲ್ಲಿ ತರುವ ಸಮಾರಂಭ ಇಟ್ಟುಕೊಂಡಿದ್ದರು. ಅದಕ್ಕೆಂದೇ ಬಂದ ಕಾಲ್ವಿಲ್ ಸಮಾರಂಭಕ್ಕೆ ಮೊದಲೇ ಒಂದು ರಾತ್ರಿ ಮಲಗಿದವನು ಏಳಲಿಲ್ಲ.

ಊರಿನ ಇನ್ನೊಂದು ದಿಬ್ಬದಲ್ಲಿ, ಕೆಥೀಡ್ರಲ್ ಹತ್ತಿರ, ಎತ್ತರದ ಕಂಬದ ಮೇಲೆ ಜೋಸಾಯಸ್ ಕಿಂಗ್ ನಿಂತಿದ್ದಾನೆ. ಯುದ್ಧಕ್ಕೆ ಮೊದಲು ಹೆಸರು ಕೊಟ್ಟವನು ಇವನೇ ಅಂತ ಸೇಂಟ್ ಪಾಲ್‌ನವರು. ಇಲ್ಲ, ನಮ್ಮ ಆರನ್ ಗ್ರೀನ್ವಾಲ್ಡ್ ಅಂತ ಅನೋಕಾ ಊರಿನವರು. ಜಗಳ ಇನ್ನೂ ಮುಗಿದಿಲ್ಲ. ಗ್ರೀನ್ವಾಲ್ಡ್ ಗೆಟ್ಟಿಸ್‌ಬರ್ಗ್‌ನಲ್ಲಿ ಗಾಯಗೊಂಡು ಸತ್ತ, ಹಾಗಾಗಿ ಅವನಂತೂ ವಾದಕ್ಕೆ ಬರೋ ಹಾಗಿರಲಿಲ್ಲ.

ಭಾನುವಾರ: ಸ್ಟಿಲ್‌ವಾಟರ್, ಕ್ಯಾನನ್ ಫಾಲ್ಸ್

ಸೇಂಟ್ ಕ್ರಾಯ್ ನದಿ ದಂಡೆಯ ಸ್ಟಿಲ್‌ವಾಟರ್ ಈಗ ಐಸ್‌ಕ್ರೀಂ ತಿನ್ನೋಕೆ ಹೋಗುವ ಊರು. ಆಗ ಮರದ ದಿಮ್ಮಿಯ ಊರು. ಇಲ್ಲಿನ ಬಿ ಕಂಪನಿಯಲ್ಲಿ ಬದುಕಿ ಬಂದವರು 1880ರ ದಶಕದಲ್ಲಿ ಒಂದು ಕೂಟ ಕಟ್ಟಿಕೊಂಡರು. ಹೆಸರು ಲಾಸ್ಟ್ ಮ್ಯಾನ್ಸ್ ಕ್ಲಬ್. ಪ್ರತಿ ಜುಲೈ 21ಕ್ಕೆ, ಬುಲ್ ರನ್ ಕಾಳಗದ ದಿನ, ಎಲ್ಲರೂ ಸೇರಿ ಊಟ. ಸತ್ತವರ ಕುರ್ಚಿಗೆ ಕಪ್ಪು ಬಟ್ಟೆ. ನಡುವೆ ಒಂದು ಬಾಟಲಿ ಬರ್ಗಂಡಿ ವೈನ್, ಬಿರಡೆ ತೆಗೆಯದೆ. ಕೊನೆಗೆ ಉಳಿಯೋನು ಯಾರೋ ಅವನು ಅದನ್ನು ತೆಗೆದು ಎಲ್ಲರ ಹೆಸರಲ್ಲಿ ಕುಡಿಯಬೇಕು.

ಉಳಿದವನು ಚಾರ್ಲ್ಸ್ ಲಾಕ್‌ವುಡ್. 1930ರಲ್ಲಿ ಬಾಟಲಿ ತೆಗೆದ. ವೈನ್ ಹುಳಿಯಾಗಿ ಹೋಗಿತ್ತು.

ಅವರು ಸೇರುತ್ತಿದ್ದ ಸಾಯರ್ ಹೌಸ್ ಹೋಟೆಲ್ ಈಗಿಲ್ಲ. ಆ ಜಾಗದಲ್ಲಿ ಲೋವೆಲ್ ಇನ್ ಇದೆ. ನಾವು ಹೊರಗೇ ನಿಂತು ಅಕ್ಕ ಕಟ್ಟಿಕೊಟ್ಟ ಪುಳಿಯೋಗರೆ ತಿಂದೆವು. ಒಳಗೆ ಹೋಗಿ ಊಟ ಮಾಡೋಣ ಅಂತ ಭಾವ ಅಂದರು, ಬೆಲೆ ಪಟ್ಟಿ ನೋಡಿ ಅವರೇ ಸುಮ್ಮನಾದರು.

ಸಂಜೆ ಕ್ಯಾನನ್ ಫಾಲ್ಸ್ ಸ್ಮಶಾನ. ಕಾಲ್ವಿಲ್ ಮತ್ತು ಅವನ ಹೆಂಡತಿಯ ಸಮಾಧಿ, ಮೇಲೆ ಪ್ರತಿಮೆ. 1928ರಲ್ಲಿ ಅಧ್ಯಕ್ಷ ಕೂಲಿಡ್ಜ್ ಇಲ್ಲಿಗೆ ಬಂದು ಅನಾವರಣ ಮಾಡಿದ್ದ. ಸುತ್ತ ಜೋಳದ ಹೊಲ.

ಸೋಮವಾರ: ಮನಾಸಸ್, ವರ್ಜೀನಿಯಾ

ಬೆಳಗಿನ ವಿಮಾನಕ್ಕೆ ವಾಷಿಂಗ್ಟನ್. 1861ರ ಜೂನ್ 22ಕ್ಕೆ ಕೋಟೆ ಕೆಳಗೆ ಸ್ಟೀಮರ್ ಹತ್ತಿದ ರೆಜಿಮೆಂಟು ಮಿಸಿಸಿಪ್ಪಿಯಲ್ಲಿ ಇಳಿದು, ಆಮೇಲೆ ರೈಲು ಹಿಡಿದು, ಷಿಕಾಗೋ ದಾಟಿ ರಾಜಧಾನಿ ಸೇರಿತ್ತು. ನಾವು ಎರಡೂವರೆ ಗಂಟೆಯಲ್ಲಿ ಇಳಿದು, ಬಾಡಿಗೆ ಕಾರು ಕೌಂಟರ್ ಮುಂದೆ ಅದಕ್ಕಿಂತ ಸ್ವಲ್ಪ ಕಡಿಮೆ ಹೊತ್ತು ನಿಂತೆವು.

ಬುಲ್ ರನ್ ಅಂದರೂ ಮನಾಸಸ್ ಅಂದರೂ ಒಂದೇ ಕಾಳಗ. 1861ರ ಜುಲೈ 21. ಹೆನ್ರಿ ಹಿಲ್ ಅನ್ನೋದು ಹುಲ್ಲಿನ ಸಣ್ಣ ದಿಬ್ಬ, ಮೇಲೆ ಒಂದು ಮನೆ, ಒಂದಷ್ಟು ಫಿರಂಗಿ. ಮನೆಯಲ್ಲಿದ್ದ ಜುಡಿತ್ ಹೆನ್ರಿ ಅನ್ನೋ ಹಾಸಿಗೆ ಹಿಡಿದ ಮುದುಕಿ ಫಿರಂಗಿ ಗುಂಡಿಗೆ ಸತ್ತಳು.

ಮಿನ್ನೆಸೋಟದವರು ಇಲ್ಲಿಗೆ ಬಂದಿದ್ದು ಕೆಂಪು ಉಣ್ಣೆ ಅಂಗಿ, ಕಪ್ಪು ಪ್ಯಾಂಟು, ಕಪ್ಪು ಟೋಪಿಯಲ್ಲಿ. ನೀಲಿ ಸಮವಸ್ತ್ರ ಇನ್ನೂ ಎಲ್ಲರಿಗೂ ಸಿಕ್ಕಿರಲಿಲ್ಲ. ಎದುರು ಕಡೆ 33ನೇ ವರ್ಜೀನಿಯಾದವರು ನೀಲಿ ಹಾಕಿದ್ದರು! ಕಾಡಿನಿಂದ ಹೊರಬಂದ ಆ ನೀಲಿಯವರನ್ನು ನಮ್ಮವರೇ ಅಂದುಕೊಂಡು ಒಕ್ಕೂಟದ ಫಿರಂಗಿಯವರು ಗುಂಡು ಹಾರಿಸದೆ ನಿಂತರು. ಹತ್ತಿರ ಬಂದವರು ಅವರನ್ನು ಉಡಾಯಿಸಿದರು. ರಿಕೆಟ್ಸ್‌ನ ಫಿರಂಗಿಗಳ ಪಕ್ಕದಲ್ಲಿದ್ದ ಫಸ್ಟ್ ಮಿನ್ನೆಸೋಟಕ್ಕೂ ಯಾರು ಯಾರು ಅಂತ ತಿಳಿಯೋಕೆ ಹೊತ್ತು ಹಿಡಿಯಿತು. ಮೊದಲ ಕಾಳಗದಲ್ಲೇ ಸುಮಾರು 180 ಜನ ಸತ್ತು, ಗಾಯಗೊಂಡು, ಕಾಣೆಯಾಗಿ ಹೋದರು. ಆದರೂ ಹಿಂದೆ ಸರಿದಿದ್ದು ಸಾಲು ಬಿಡದೆ ಅಂತ ಅವರಿಗೆ ಹೆಸರು ಬಂತು.

ದಿಬ್ಬದ ಮೇಲೆ ದಕ್ಷಿಣದ ಜನರಲ್ ಸ್ಟೋನ್‌ವಾಲ್ ಜಾಕ್ಸನ್‌ನ ಪ್ರತಿಮೆ ಇದೆ. ಕುದುರೆಗೂ ಸವಾರನಿಗೂ ಜಿಮ್‌ಗೆ ಹೋದವರ ಮೈಕಟ್ಟು. ಅಕ್ಕನ ಮಗ ಅದರ ಫೋಟೋ ಜಾಸ್ತಿ ತೆಗೆದ. ಗೆದ್ದವರ ಮಿನ್ನೆಸೋಟದಲ್ಲಿ ಪ್ರತಿಮೆ ಸಾಧಾರಣ, ಸೋತವರಿಗೆ ಇಷ್ಟು ದೊಡ್ಡದು.

ಮಂಗಳವಾರ: ಆಂಟೀಟಮ್, ಮೇರಿಲ್ಯಾಂಡ್

ನಡುವೆ ಒಂದು ವರ್ಷ ಹಾರಿಸಿದ್ದೇನೆ. ಆ ವರ್ಷ ರೆಜಿಮೆಂಟು ಜೌಗು ನೆಲದಲ್ಲಿ ದಕ್ಷಿಣದವರ ರಾಜಧಾನಿ ರಿಚ್‌ಮಂಡ್ ಬಾಗಿಲವರೆಗೆ ಹೋಗಿ ವಾಪಸ್ ಬಂತು. ಫೇರ್ ಓಕ್ಸ್, ಸ್ಯಾವೇಜ್ ಸ್ಟೇಷನ್, ಮಾಲ್ವರ್ನ್ ಹಿಲ್. ಗುಂಡಿಗಿಂತ ಜ್ವರ, ಭೇದಿ ಹೆಚ್ಚು ಜನರನ್ನು ಕೊಂದ ಯುದ್ಧ ಇದು. ಆ ಜಾಗಗಳೆಲ್ಲ ನಮ್ಮ ದಾರಿಗೆ ದೂರ.

ಆಂಟೀಟಮ್ ಮಾತ್ರ ಬಿಡೋ ಹಾಗಿರಲಿಲ್ಲ. 1862ರ ಸೆಪ್ಟೆಂಬರ್ 17, ಒಂದೇ ದಿನದಲ್ಲಿ ಎರಡೂ ಕಡೆ ಸೇರಿ ಸುಮಾರು 23,000 ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಬಿಳಿ ಡಂಕರ್ ಚರ್ಚ್ ಹಿಂದೆ ವೆಸ್ಟ್ ವುಡ್ಸ್ ಅನ್ನೋ ತೋಪು. ಜನರಲ್ ಸೆಜ್ವಿಕ್‌ನ ಡಿವಿಷನ್ನು ಮೂರು ಸಾಲಾಗಿ, ಒಂದರ ಬೆನ್ನಿಗೆ ಒಂದು, ಇದರೊಳಗೆ ನುಗ್ಗಿತು. ಮೊದಲ ಸಾಲಿನ ಬಲತುದಿಯಲ್ಲಿ ಫಸ್ಟ್ ಮಿನ್ನೆಸೋಟ. ದಕ್ಷಿಣದವರು ಎಡಗಡೆಯಿಂದ ಬಿದ್ದರು. ಹಿಂದಿನ ಸಾಲಿನವರು ಹೊಡೆಯೋಣ ಅಂದರೆ ಮುಂದೆ ತಮ್ಮವರೇ. ಅರ್ಧ ಗಂಟೆಯೊಳಗೆ ಎರಡು ಸಾವಿರಕ್ಕೂ ಹೆಚ್ಚು ಜನ ಬಿದ್ದರು.

ತೋಪಿನಲ್ಲಿ ಆ ಸಾಲುಗಳ ನಡುವಿನ ಅಂತರ ಎಷ್ಟಿತ್ತು ಅಂತ ಭಾವ ಮತ್ತು ಹುಡುಗ ಹೆಜ್ಜೆ ಹಾಕಿ ನಿಂತು ತೋರಿಸಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಸಲೀಸಾಗಿ ಕೇಳುತ್ತೆ. ಇಷ್ಟು ಹತ್ತಿರ ಹತ್ತಿರ ಜನರನ್ನು ನಿಲ್ಲಿಸಿದ ಜನರಲ್‌ ಸಮ್ನರ್‌ಗೆ ಏನು ಲೆಕ್ಕವಿತ್ತೋ. ನನಗಂತೂ ಅದು ಶೌರ್ಯ ಅನ್ನಿಸಲಿಲ್ಲ.

ರಾತ್ರಿ ಫ್ರೆಡ್ರಿಕ್‌ನಲ್ಲಿ ಉಳಿದೆವು. ದಾಲ್, ರೋಟಿ, ನಿದ್ದೆ.

ಬುಧವಾರ: ಲಿಂಗನೋರ್ ತೊರೆ, ಯೂನಿಯನ್‌ಟೌನ್, ಗೆಟ್ಟಿಸ್‌ಬರ್ಗ್

ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆ ಹಿಡಿದಿದ್ದು ಒಂದು ಮರದ ದಿಮ್ಮಿಗಾಗಿ.

1863ರ ಜೂನ್ 29. ದಕ್ಷಿಣದ ಜನರಲ್ ಲೀಯ ಸೈನ್ಯ ಪೆನ್ಸಿಲ್ವೇನಿಯಾಕ್ಕೆ ನುಗ್ಗಿದೆ, ಒಕ್ಕೂಟದವರು ಹಿಂದೆ ಓಡುತ್ತಿದ್ದಾರೆ. ಆ ದಿನ ರೆಜಿಮೆಂಟು ಯೂನಿಯನ್‌ಟೌನ್‌ವರೆಗೆ ನಡೆದಿದ್ದು ಮೂವತ್ತಕ್ಕೂ ಹೆಚ್ಚು ಮೈಲಿ, ಬೆನ್ನ ಮೇಲೆ ಹೊರೆ, ಮೈ ಮೇಲೆ ಉಣ್ಣೆ. ದಾರಿಯಲ್ಲಿ ತೊರೆ ಅಡ್ಡ ಬಂತು. ನೀರಿಗಿಳಿದೇ ದಾಟಬೇಕು, ಹೊತ್ತು ಹಾಳು ಮಾಡಬಾರದು ಅಂತ ಮೇಲಿನವರ ಹುಕುಂ. ಪಕ್ಕದಲ್ಲಿ ಅಡ್ಡಹಾಕಿದ ದಿಮ್ಮಿ ಇತ್ತು. ಬೂಟು ನೆನೆದರೆ ಮುಂದಿನ ಹತ್ತಾರು ಮೈಲಿ ಕಾಲು ಬೊಬ್ಬೆ ಬರುತ್ತೆ ಅಂತ ನಡೆಯೋನಿಗೆ ಗೊತ್ತು, ಕುದುರೆ ಮೇಲೆ ಕೂತೋನಿಗೆ ಗೊತ್ತಿಲ್ಲ. ಕೆಲವರು ದಿಮ್ಮಿ ಮೇಲೆ ದಾಟಿದರು. ಕಾಲ್ವಿಲ್ ತಡೆಯಲಿಲ್ಲ. ಅಷ್ಟಕ್ಕೇ ಅವನನ್ನು ಬಂಧನದಲ್ಲಿಟ್ಟರು. ಸೆರೆಮನೆ ಏನಲ್ಲ, ದಂಡಿನ ಜೊತೆಗೇ ನಡೆಯಬೇಕು, ಆದರೆ ಅಧಿಕಾರ ಇಲ್ಲ. ಅದನ್ನು ವಾಪಸ್ ಕೊಟ್ಟಿದ್ದು ಜುಲೈ 2ರಂದು, ಗೆಟ್ಟಿಸ್‌ಬರ್ಗ್‌ನಲ್ಲಿ.

ಈಗ ಲಿಂಗನೋರ್ ತೊರೆ ಸೇತುವೆಯ ಕೆಳಗೆ ಮೊಣಕಾಲುದ್ದ ನೀರಿನಲ್ಲಿ ಹರಿಯುತ್ತೆ. ಹುಡುಗ ಶೂ ಬಿಚ್ಚಿ ಇಳಿದ. ಐದೇ ನಿಮಿಷಕ್ಕೆ "ಮಾಮಾ, ಒದ್ದೆ ಕಾಲಲ್ಲಿ ಡ್ರೈವ್ ಮಾಡೋದೇ ಕಷ್ಟ" ಅಂತ ಹತ್ತಿ ಬಂದ. ಆಮೇಲೆ ಕಾಲ್ವಿಲ್ ಪಕ್ಷ ವಹಿಸಿ ಗೆಟ್ಟಿಸ್‌ಬರ್ಗ್‌ವರೆಗೂ ವಾದ ಮಾಡಿದ.

ಗೆಟ್ಟಿಸ್‌ಬರ್ಗ್‌ನ ಹ್ಯಾನ್ಕಾಕ್ ಅವೆನ್ಯೂ ಪಕ್ಕ ಎತ್ತರದ ಪೀಠ. ಮೇಲೆ ಬಂದೂಕಿಗೆ ಬಯೊನೆಟ್ ಸಿಕ್ಕಿಸಿ ಓಡುತ್ತಿರುವ ಕಂಚಿನ ಸೈನಿಕ. ಮಾಡಿದ್ದು ನಾರ್ವೆಯಿಂದ ಬಂದ ಮಿನ್ನೆಯಾಪೊಲಿಸ್ ಶಿಲ್ಪಿ ಜೇಕಬ್ ಫೆಲ್ಡ. ನಮ್ಮ ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯೋದು, ಮೇಲೆ ಶಿವನ ಸನ್ನಿಧಿ ಇರುತ್ತಲ್ಲ, ಇಲ್ಲಿ ಕೆಳಗಿನ ಪಟ್ಟಿ ಒಂದೇ. ಮೇಲೆ ಎಲ್ಲಿಗೂ ಹೋಗೋದಿಲ್ಲ, ಓಡುತ್ತಲೇ ಇರಬೇಕು.

ಜುಲೈ 2ರ ಸಂಜೆ. ಒಕ್ಕೂಟದ ಜನರಲ್ ಸಿಕಲ್ಸ್ ಕೇಳದೆ ಮಾಡದೆ ತನ್ನ ದಂಡನ್ನು ಮುಂದಕ್ಕೆ ಒಯ್ದಿದ್ದ, ಅದು ಒಡೆದು ಚೆಲ್ಲಾಪಿಲ್ಲಿಯಾಗಿ ವಾಪಸ್ ಓಡಿ ಬರುತ್ತಿತ್ತು. ಹಿಂದೆಯೇ ದಕ್ಷಿಣದ ಜನರಲ್ ವಿಲ್ಕಾಕ್ಸ್‌ನ ಅಲಬಾಮದವರು, ಸಾವಿರಕ್ಕೂ ಹೆಚ್ಚು ಜನ. ದಿಬ್ಬದ ಈ ಭಾಗದಲ್ಲಿ ತಡೆಯೋಕೆ ಯಾರೂ ಇಲ್ಲ. ಕುಮ್ಮಕ್ಕು ಬರಲು ಇನ್ನೂ ಕೆಲವು ನಿಮಿಷ ಬೇಕು. ಜನರಲ್ ಹ್ಯಾನ್ಕಾಕ್ ಕುದುರೆ ಓಡಿಸಿಕೊಂಡು ಬಂದು ನೋಡಿದರೆ ಒಂದೇ ಸಣ್ಣ ರೆಜಿಮೆಂಟು. ಯಾವ ದಂಡು ಇದು ಅಂತ ಕೇಳಿದ. ಫಸ್ಟ್ ಮಿನ್ನೆಸೋಟ ಅಂದ ಕಾಲ್ವಿಲ್. ಎದುರಿನ ಬಾವುಟ ತೋರಿಸಿ, ಹೋಗಿ ಅದನ್ನು ಹಿಡಿ ಅಂದ ಹ್ಯಾನ್ಕಾಕ್. ಒಬ್ಬನೂ ಬದುಕಲ್ಲ ಅಂತ ಗೊತ್ತಿದ್ದರೂ ಆ ಆಜ್ಞೆ ಕೊಡುತ್ತಿದ್ದೆ, ನನಗೆ ಐದು ನಿಮಿಷ ಬೇಕಿತ್ತು ಅಂತ ಆಮೇಲೆ ಹ್ಯಾನ್ಕಾಕ್ ಹೇಳಿಕೊಂಡ.

ಇಳಿಜಾರಿನಲ್ಲಿ ಓಡುತ್ತಾ ಪ್ಲಮ್ ರನ್ ಹಳ್ಳದವರೆಗೆ ಹೋದರು. ಬಾವುಟ ಹಿಡಿದವನು ಬಿದ್ದರೆ ಇನ್ನೊಬ್ಬ ಎತ್ತಿಕೊಂಡ. ಕಾಲ್ವಿಲ್‌ಗೆ ಭುಜಕ್ಕೊಂದು, ಪಾದಕ್ಕೊಂದು ಗುಂಡು. ಹದಿನೈದು ನಿಮಿಷದ ಆಸುಪಾಸು ಅಷ್ಟೇ. ಅಲಬಾಮದವರು ನಿಂತರು, ಆಮೇಲೆ ಹಿಂದಕ್ಕೆ ಹೋದರು. ದಿಬ್ಬ ಉಳಿಯಿತು.

ಸ್ಮಾರಕದ ಮೇಲೆ ಲೆಕ್ಕ ಕೊರೆದಿದ್ದಾರೆ: ನುಗ್ಗಿದವರು 262, ಬಿದ್ದವರು 215, ಉಳಿದವರು 47. ಮಿನ್ನೆಸೋಟದ ಮಕ್ಕಳು ಶಾಲೆಯಲ್ಲಿ ಕಲಿಯುವ ಅಂಕಿ ಇದೇ. ಆದರೆ ಎರಡು ದಿನದ ಕಾಳಗ ಸೇರಿ ರೆಜಿಮೆಂಟಿನ ಅಧಿಕೃತ ನಷ್ಟ 224: ಸತ್ತವರು 50, ಗಾಯಾಳುಗಳು 173, ಕಾಣೆ ಒಬ್ಬ.

"ಮಾಮಾ, 224ರಲ್ಲಿ 215 ಕಳೆದರೆ ಮಾರನೇ ದಿನಕ್ಕೆ ಒಂಬತ್ತೇ ಉಳಿಯುತ್ತಲ್ಲ?" ಅಂದ ಹುಡುಗ.

ಸರಿಯಾದ ಪ್ರಶ್ನೆ. ಜುಲೈ 3ರ ಪಿಕೆಟ್ಸ್ ಚಾರ್ಜ್, ಅಂದರೆ ದಕ್ಷಿಣದವರ ಕೊನೆಯ ದೊಡ್ಡ ದಾಳಿ, ತಡೆಯುವಾಗಲೂ ಈ ರೆಜಿಮೆಂಟು ಮುಂದಿತ್ತು, ಕಾಲ್ವಿಲ್ ಜಾಗಕ್ಕೆ ಬಂದಿದ್ದ ಕ್ಯಾಪ್ಟನ್ ನೇಥನ್ ಮೆಸಿಕ್ ಕೂಡ ಅಂದೇ ಸತ್ತ. ಒಂಬತ್ತಕ್ಕೆ ಮುಗಿದಿರೋ ಹಾಗೆ ಕಾಣಲ್ಲ. ಜುಲೈ 2ರಂದು ಮೂರು ತುಕಡಿಗಳು ಬೇರೆ ಬೇರೆ ಕೆಲಸದಲ್ಲಿದ್ದವು, ಹಾಗಾಗಿ ಇಳಿಜಾರಿನಲ್ಲಿ ಓಡಿದವರು ನಿಜಕ್ಕೂ ಎಷ್ಟು ಅನ್ನೋದರಲ್ಲೂ ಇತಿಹಾಸಕಾರರಿಗೆ ಒಮ್ಮತವಿಲ್ಲ. ಕಲ್ಲಿನ ಅಂಕಿ ಸ್ವಲ್ಪ ಉಬ್ಬಿರಬಹುದು. ಹೇಗೆ ಲೆಕ್ಕ ಹಾಕಿದರೂ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಜನ ಆ ಹುಲ್ಲಿನ ಮೇಲೆ ಬಿದ್ದರು. ಅದಕ್ಕೆ ಮತ್ತೆ ಉಬ್ಬಿಸೋ ಅಗತ್ಯ ಏನಿತ್ತು?

ಹಳ್ಳದವರೆಗೆ ನಡೆದು ನೋಡಿದೆವು. ಸ್ಮಾರಕದ ಹತ್ತಿರ ನೆಲ ಸಪಾಟಾಗಿ ಕಾಣುತ್ತೆ, ಇಳಿಯುತ್ತಾ ಹೋದ ಹಾಗೆ ಹಿಂದಿನವರು ಮರೆಯಾಗುತ್ತಾರೆ. ಪೊದೆ, ಮುಳ್ಳು, ಸ್ವಲ್ಪ ಕೆಸರು. ಆ ಹಳ್ಳವನ್ನು ನಾನು ಒಂದೇ ಜಿಗಿತಕ್ಕೆ ದಾಟಬಹುದಿತ್ತು.

ಗುರುವಾರ: ಮತ್ತೆ ಗೆಟ್ಟಿಸ್‌ಬರ್ಗ್

ಬೆಳಿಗ್ಗೆ ರಾಷ್ಟ್ರೀಯ ಸ್ಮಶಾನ. ಲಿಂಕನ್ ಭಾಷಣ ಮಾಡಿದ್ದು ಇದರ ಉದ್ಘಾಟನೆಗೇ. ಮಿನ್ನೆಸೋಟದವರ ಸಾಲಿನ ಹತ್ತಿರ ಅಮೃತಶಿಲೆಯ ಕಲಶ ಇದೆ, ರೆಜಿಮೆಂಟಿನಲ್ಲಿ ಉಳಿದವರೇ 1867ರಲ್ಲಿ ಇಟ್ಟಿದ್ದು. ಗೆಟ್ಟಿಸ್‌ಬರ್ಗ್‌ನಲ್ಲಿ ಒಂದು ರೆಜಿಮೆಂಟಿಗೆ ಅಂತ ಎದ್ದ ಮೊದಲ ಸ್ಮಾರಕ.

ಇಲ್ಲೇ ಐಸಾಕ್ ಟೇಲರ್ ಇದ್ದಾನೆ. ಅವನೂ ಅಣ್ಣ ತಮ್ಮಂದಿರಲ್ಲಿ ಒಬ್ಬನಾದ ಹೆನ್ರಿಯೂ ಇ ಕಂಪನಿಯಲ್ಲಿ ಒಟ್ಟಿಗಿದ್ದರು. ಐಸಾಕ್ ದಿನವೂ ಡೈರಿ ಬರೆಯುತ್ತಿದ್ದ. ಹವಾಮಾನ, ನಡೆದ ದೂರ, ಓದಿದ್ದು, ತಿಂದಿದ್ದು, ನಡುನಡುವೆ ತಮಾಷೆ. ಜುಲೈ 2ರ ಬೆಳಿಗ್ಗೆ, ಅಪ್ಪಣೆ ಇಲ್ಲದೆ ಸಾಲು ಬಿಟ್ಟವರಿಗೆ ಮರಣದಂಡನೆ ಅಂತ ಜನರಲ್ ಗಿಬ್ಬನ್‌ನ ಆಜ್ಞೆ ಓದಿದರು ಅಂತ ಬರೆದಿದ್ದಾನೆ. ಮುಂದಿನ ಬರಹ ಹೆನ್ರಿಯದು. ಈ ಡೈರಿಯವನು ಜುಲೈ 2ರ ಸೂರ್ಯ ಮುಳುಗುವ ಹೊತ್ತಿಗೆ ಶೆಲ್ ಬಡಿದು ಸತ್ತ, ಮುಖ ಶತ್ರುವಿನ ಕಡೆಗಿತ್ತು ಅಂತ ಶುರು ಮಾಡುತ್ತಾನೆ. ಆಮೇಲೆ ವಿಳಾಸ. ಹಮ್ಮೆಲ್‌ಬಾ ಅನ್ನೋನ ಮನೆ ಹತ್ತಿರ ಹೋಗುವ ರಸ್ತೆಯಿಂದ ಪಶ್ಚಿಮಕ್ಕೆ 350 ಹೆಜ್ಜೆ, ಗೆಟ್ಟಿಸ್‌ಬರ್ಗ್‌ಗೆ ಒಂದು ಮೈಲಿ ದಕ್ಷಿಣ. ಡೇರೆ ಬಟ್ಟೆಯಲ್ಲಿ ಸುತ್ತಿ ಹೂತವನು, ಮನೆಯವರು ಮುಂದೆ ಹುಡುಕಿಕೊಂಡು ಬಂದರೆ ಸಿಗಲಿ ಅಂತ ಹೆಜ್ಜೆ ಎಣಿಸಿ ಬರೆದಿಟ್ಟಿದ್ದಾನೆ. ಅದಾಗಿ ಜುಲೈ 3ರ ಮಧ್ಯಾಹ್ನವೇ ಹೆನ್ರಿ ಪಿಕೆಟ್ಸ್ ಚಾರ್ಜ್ ಎದುರಿಸಬೇಕಾಯಿತು. ಕಲ್ಲಿನ ಮೇಲಿನ 262ಕ್ಕಿಂತ ಈ 350 ನನಗೆ ಹೆಚ್ಚು ನಂಬಿಕೆಯ ಅಂಕಿ.

ಆ ಮಧ್ಯಾಹ್ನದ ಇನ್ನೊಂದು ಕಥೆ ಇವತ್ತಿಗೂ ಮುಗಿದಿಲ್ಲ. ಸೇಂಟ್ ಪಾಲ್‌ನಲ್ಲಿ ಮನೆಗಳಿಗೆ ಬಣ್ಣ ಬಳಿಯುತ್ತಿದ್ದ ಮಾರ್ಷಲ್ ಶೆರ್ಮನ್ 28ನೇ ವರ್ಜೀನಿಯಾದ ಬಾವುಟ ಕಿತ್ತುಕೊಂಡ. ಅಮೆರಿಕದ ಅತ್ಯುನ್ನತ ಸೇನಾ ಪದಕ ಮೆಡಲ್ ಆಫ್ ಆನರ್ ಬಂತು. ಮರುವರ್ಷ ಬೇರೆ ಕಾಳಗದಲ್ಲಿ ಕಾಲು ಹೋಯಿತು. ಬಾವುಟ ಈಗ ಮಿನ್ನೆಸೋಟ ಐತಿಹಾಸಿಕ ಸಂಘದಲ್ಲಿದೆ. ವಾಪಸ್ ಕೊಡಿ ಅಂತ ವರ್ಜೀನಿಯಾದವರು ಕೇಳುತ್ತಲೇ ಇದ್ದಾರೆ. ಕುಸ್ತಿಪಟುವಾಗಿದ್ದು ಗವರ್ನರ್ ಆದ ಜೆಸ್ಸಿ ವೆಂಚುರಾ, ಗೆದ್ದಿದ್ದು ನಾವಲ್ವಾ ಅನ್ನೋ ಧಾಟಿಯಲ್ಲಿ ತಳ್ಳಿಹಾಕಿದ. 150ನೇ ವರ್ಷಕ್ಕೆ ಎರವಲಾದರೂ ಕೊಡಿ ಅಂದಾಗ ಗವರ್ನರ್ ಡೇಟನ್ ಕೂಡ ಒಪ್ಪಲಿಲ್ಲ. ಕೊಟ್ಟುಬಿಡಬಹುದಿತ್ತು ಅಂತ ಭಾವ. ಸುತರಾಂ ಕೊಡಬಾರದು ಅಂತ ಮಿನ್ನೆಸೋಟದಲ್ಲೇ ಹುಟ್ಟಿದ ಅವರ ಮಗ.

ಗೆಟ್ಟಿಸ್‌ಬರ್ಗ್ ಆದಮೇಲೂ ರೆಜಿಮೆಂಟಿಗೆ ಬಿಡುವು ಸಿಗಲಿಲ್ಲ. ಆಗಸ್ಟಿನಲ್ಲಿ, ಕಡ್ಡಾಯ ಸೇನಾ ಭರ್ತಿಯ ವಿರುದ್ಧ ಗಲಭೆಯಾಗಿದ್ದ ನ್ಯೂಯಾರ್ಕ್‌ಗೆ ಕಾವಲಿಗೆ ಕಳಿಸಿದರು. 1864ರ ಫೆಬ್ರವರಿಯಲ್ಲಿ ಮನೆಗೆ ಬಂದರು, ಏಪ್ರಿಲ್‌ನಲ್ಲಿ ಮೂರು ವರ್ಷದ ಕರಾರು ಮುಗಿದು ದಂಡು ಚದುರಿತು. ಸಾಲದು ಅಂತ ಮತ್ತೆ ಸೇರಿದವರು ಒಂದು ಸಣ್ಣ ಬೆಟಾಲಿಯನ್ ಆಗಿ ಕೊನೆಯವರೆಗೂ ಹೋರಾಡಿದರು.

ಹೋಗೋರಿಗೆ ಒಂದೆರಡು ಮಾತು. ಗೆಟ್ಟಿಸ್‌ಬರ್ಗ್ ಮೈದಾನಕ್ಕೆ ಟಿಕೆಟ್ ಇಲ್ಲ, ಮ್ಯೂಸಿಯಂಗೆ ಉಂಟು. ಪರವಾನಗಿ ಇರುವ ಗೈಡ್ ನಿಮ್ಮ ಕಾರಿನಲ್ಲೇ ಕೂತು ಸುತ್ತಿಸುತ್ತಾರೆ, ಯಾವ ರೆಜಿಮೆಂಟ್ ನೋಡಬೇಕು ಅಂತ ಮೊದಲೇ ಹೇಳಿ. ಫೋರ್ಟ್ ಸ್ನೆಲ್ಲಿಂಗ್‌ಗೆ ಬೇಸಿಗೆಯಲ್ಲಿ ಹೋದರೆ ಒಳ್ಳೆಯದು. ಪ್ಲಮ್ ರನ್ ಕಡೆ ಇಳಿಯೋದಾದರೆ ಪ್ಯಾಂಟನ್ನು ಸಾಕ್ಸ್ ಒಳಗೆ ತುರುಕಿಕೊಳ್ಳಿ, ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿ ಜಾಸ್ತಿ.